ಕಡಲೆಕಾಯಿ ಕೋಟು

ಬಸ್ಸಲ್ಲಿ ಪಕ್ಕ ಕೂತಿದ್ದ ದಪ್ಪನೆ ಹೆಂಗಸು ಕೇಳದೆ ಹೇಳದೆ ಅವನ ತೋಳಿನ ಬಟ್ಟೆನ ಎರಡು ಬೆರಳಲ್ಲಿ ಹಿಡಿದು ಉಜ್ಜಿದಾಗ, ಯಾರದೋ ಮನೆ ಕೋಳಿನ ಕಂಕುಳಲ್ಲಿ ಇಟ್ಕೊಂಡು ಸಿಕ್ಕಿಬಿದ್ದವನ ಹಾಗೆ ಹೆಡ್ಲಿಯ ಎದೆ ಧಸಕ್ ಅಂತು. "ಚೆನ್ನಾಗೈತೆ ಕಣಪ್ಪ ಕೋಟು," ಅಂದಳು ಆಕೆ. "ಇಷ್ಟೊಂದು ರೇಷನ್ ಕೂಪನ್ ಎಲ್ಲಿಂದ ತಂದೆ? ನಮ್ಮ ಯಜಮಾನ್ರದ್ದು ಯುದ್ಧಕ್ಕೆ ಮುಂಚಿನ ಕೋಟು. ಅದರಲ್ಲಿರೋ ಕೊಳೆಗೆ ಅದು ಅವರಿಲ್ದೇನೇ ಎದ್ದು ಕೆಲಸಕ್ಕೆ ಹೋಗ್ತದೆ." ಹೆಡ್ಲಿ ನಗೋಕೆ ನೋಡಿದ. ನಗು ಬರಲಿಲ್ಲ, ಒಂದು ಕೆಮ್ಮು ಬಂತು. ಉಣ್ಣೆ ಗಿರಣಿಗಳ ಊರು ಶಿಪ್ಲಿ ಕಡೆ ಜನ ಹೀಗೇ, ಮುಖ ಆಮೇಲೆ, ಬಟ್ಟೆ ಮೊದಲು. ಮದುವೆ ಗಂಡಿನ ಕೋಟನ್ನೂ ಉಜ್ಜಿ ನೋಡ್ತಾರೆ, ಪೆಟ್ಟಿಗೇಲಿ ಮಲಗಿರೋ ಹೆಣದ ಕೋಟನ್ನೂ ಉಜ್ಜಿ ನೋಡ್ತಾರೆ. ಸ್ವರ್ಗದ ಬಾಗಿಲಲ್ಲಿ ನಿಂತಿರೋ ಸಂತನ ನಿಲುವಂಗಿನೂ ಚಿವುಟಿ ನೋಡಿ, ಒಪ್ಪಿಗೆ ಆದ್ರೆ ಮಾತ್ರ ಒಳಗೆ ಕಾಲಿಡೋ ಜನ. ಇಂಥವರ ನಡುವೆ ಹುಟ್ಟಿ ಬೆಳೆದು ಅವನು ಈ ಕೋಟು ಹಾಕ್ಕೊಂಡು ಊರಿಗೆ ಹೊರಟಿದ್ದ. ಇದರಲ್ಲಿ ಕುರಿಯದ್ದು ಅನ್ನೋ ಒಂದು ಎಳೆ ಇರಲಿಲ್ಲ. ಇದು ಕಡಲೆಕಾಯಿ.

"ಬಾರಕ್ಲಫ್, ನಿಮ್ಮದು ಉಣ್ಣೆ ಮನೆತನ ಅಲ್ವಾ?" ಅಂತ ಕೇಳಿದ್ದರು ಡಾಕ್ಟರ್ ಪೆಲಮ್, ಹೆಡ್ಲಿ ಕೆಲಸ ಮಾಡೋ ಲೀಡ್ಸಿನ ಪ್ರಯೋಗಶಾಲೇಲಿ, ಕೋಟನ್ನ ಮಗು ಎತ್ಕೊಂಡ ಹಾಗೆ ಎರಡು ಕೈಯಲ್ಲಿ ಎತ್ಕೊಂಡು ಬಂದು. ಇಂಗ್ಲೆಂಡಿನ ದಕ್ಷಿಣದ ಕಡೆ ಮನುಷ್ಯ. ಮಾತಾಡಿದ್ರೆ ಬಾಯಲ್ಲಿ ಬೆಣ್ಣೆ ಇಟ್ಕೊಂಡ ಹಾಗೆ. "ನಿಮ್ಮ ತಂದೆ ಇನ್ನೂ ಗಿರಣೀಲಿ ಉಣ್ಣೆ ಮುಟ್ಟಿ ನೋಡಿ ಆರಿಸ್ತಾರಲ್ವಾ? ಶನಿವಾರ ಊರಿಗೆ ಹೋದಾಗ ಹಾಕ್ಕೊಂಡು ಹೋಗಿ. ಏನೂ ಹೇಳ್ಬೇಡಿ. ಅವರು ಏನಂತಾರೆ ಅನ್ನೋದನ್ನ ಸೋಮವಾರ ನನಗೆ ಹೇಳಿ." ಹೆಡ್ಲಿ "ಆಗಲಿ ಸಾರ್" ಅಂದುಬಿಟ್ಟಿದ್ದ. ಅವರು ಮಾತು ಮುಗಿಸೋಕೂ ಬಿಟ್ಟಿರಲಿಲ್ಲ. ಅಷ್ಟು ಅವಸರ ಯಾಕೆ ಬಂತು ಅಂತ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಈಗ ಯೋಚಿಸಿದ. ಒಳಗೆಲ್ಲೋ ಖುಷಿ ಆಗಿತ್ತು, ಅದೇ ಕಾರಣ. ಅಷ್ಟು ವರ್ಷ ಅಲ್ಲಿದ್ದರೂ ಅವನ ಮಾತಿನ ಧಾಟಿ ಕೇಳಿ ಮುಸಿಮುಸಿ ನಗ್ತಿದ್ದವರು, ಕೊನೆಗೂ ಅವನಲ್ಲಿ ಏನೋ ಇದೆ ಅಂತ ಗುರುತಿಸಿದ್ದರು. ಏನು ಇತ್ತು? ಅಪ್ಪನ ಬೆರಳು ಇತ್ತು. ಅದನ್ನೇ ಅವನು ತಟ್ಟೇಲಿಟ್ಟು ಕೊಟ್ಟುಬಿಟ್ಟಿದ್ದ.

ಕೋಟಿನ ಮೇಲೆ ಅವನಿಗೆ ಪ್ರೀತಿನೂ ಇತ್ತು, ಅದು ಇನ್ನೂ ನಾಚಿಕೆಗೇಡು. ಲೋಕದಲ್ಲಿರೋ ಪ್ರೋಟೀನೆಲ್ಲ ಒಂದೇ ಥರದ ಮಣಿ ಸರ. ಅಮೈನೋ ಆಮ್ಲ ಅನ್ನೋ ಮಣಿ, ಇಪ್ಪತ್ತೋ ಏನೋ ಬಗೆ, ಅಷ್ಟೇ. ಅದೇ ಮಣಿ ಪೋಣಿಸಿದ್ರೆ ಹಸುವಿನ ಕೊಂಬು, ಅದೇ ಪೋಣಿಸಿದ್ರೆ ಹಾಲಿನ ಕೆನೆ, ಅದೇ ಪೋಣಿಸಿದ್ರೆ ಪಾದ್ರಿಯ ನಾಲಿಗೆ. ಯಾವ ಮಣಿ ಪಕ್ಕ ಯಾವ ಮಣಿ ಅನ್ನೋದರ ಮೇಲೆ ಸರ ತಾನೇ ಸುತ್ತಿಕೊಳ್ತದೆ. ನೀರು ಕಂಡ್ರೆ ಆಗದ ಮಣಿಗಳು ಹೊಸ ಸೊಸೆ ಹಾಗೆ ಒಳಮನೆ ಸೇರ್ತವೆ, ನೀರು ಬೇಕು ಅನ್ನೋವು ಜಗುಲಿ ಮೇಲೆ ಕೂರ್ತವೆ. ಉಣ್ಣೇಲಿ ಅದು ಸುರುಳಿ ಸುರುಳಿ. ಸರಕ್ಕೂ ಸರಕ್ಕೂ ನಡುವೆ ಗಂಧಕದ ಕೊಕ್ಕೆ. ಎಳೆದ್ರೆ ಬಿಚ್ಚುತ್ತೆ, ಬಿಟ್ರೆ ವಾಪಸ್ಸು ಬರುತ್ತೆ. ಕಡಲೆಕಾಯಿ ಒಳಗೆ ಅದೇ ಸರ ಉಂಡೆ ಕಟ್ಟಿ ಮಲಗಿರ್ತದೆ, ಮೊಳಕೆಗೆ ಬುತ್ತಿ ಆಗೋಕೆ. ಆ ಉಂಡೆನ ಕ್ಷಾರದಲ್ಲಿ ನೆನೆಹಾಕಿ ಬಿಚ್ಚಿ, ಶಾವಿಗೆ ಒತ್ತೋ ಹಾಗೆ ಸೂಜಿಮೊನೆ ತೂತಲ್ಲಿ ಒತ್ತಿ, ಹೆಣ ಕೆಡದ ಹಾಗೆ ಇಡೋ ಔಷಧೀಲಿ ಅದ್ದಿ ಗಟ್ಟಿ ಮಾಡಿದ್ರೆ ದಾರ. ಉಂಡೆ ದಾರ ಆಯ್ತು, ಬುತ್ತಿ ಬಟ್ಟೆ ಆಯ್ತು! ಕ್ಷಕಿರಣದಲ್ಲಿ ಅದರ ಪಟ ತೆಗೆದಿದ್ದವನು ಹೆಡ್ಲಿನೇ. ಮೊದಲ ಪಟ ಕೈಗೆ ಬಂದಾಗ ಅವನು ಕತ್ತಲೆ ಕೋಣೇಲಿ ಒಬ್ಬನೇ ಕುಣಿದಿದ್ದ. ಕೊಕ್ಕೆ ಮಾತ್ರ ಕಮ್ಮಿ ಬೀಳ್ತವೆ ಅಂತಲೂ ಅವನಿಗೆ ಗೊತ್ತಿತ್ತು. ಕಡಲೆಕಾಯಿ ಗಂಧಕದ ಮಣಿ ವಿಷಯದಲ್ಲಿ ಜಿಪುಣ.

ಉಣ್ಣೆ ಪಟ, ಕೊಂಬಿನ ಪಟ, ಮುಳ್ಳುಹಂದಿ ಮುಳ್ಳಿನ ಪಟ. ಕೂದಲೂ ಬೇಕಿತ್ತು. ಅಮ್ಮ ಹೆಸ್ಟರ್ ತೀರಿಕೊಂಡ ವಾರ, ಸೋದರತ್ತೆಯರೆಲ್ಲ ಕೆಳಗೆ ಟೀ ಕುಡೀತಾ ಅಳ್ತಾ ಇದ್ದಾಗ, ಹೆಡ್ಲಿ ಮೇಲೆ ಹೋಗಿ ಅವಳ ಬಾಚಣಿಗೆಯಿಂದ ಒಂದು ಸಿಕ್ಕು ಬಿಡಿಸಿ ಜೇಬಿಗೆ ಹಾಕ್ಕೊಂಡಿದ್ದ. ನೆನಪಿಗೆ ಅಂತಲೇ ತಗೊಂಡಿದ್ದು, ಆಗ ಹಾಗೇ ಅನ್ನಿಸಿತ್ತು. ಆಮೇಲೆ ಒಂದು ದಿನ ಒಳ್ಳೆ ಉದ್ದನೆ ಕೂದಲು ಸಿಗದೆ, ಅದನ್ನೇ ಬಿಗಿದು ಕಟ್ಟಿ ಕಿರಣ ಬಿಟ್ಟ. ಅಬ್ಬಾ, ಎಂಥಾ ಪಟ ಬಂತು! ಅಮ್ಮನ ಒಳಗೆ ಇಷ್ಟು ಅಚ್ಚುಕಟ್ಟು ಇತ್ತಾ ಅನ್ನೋ ಹಾಗೆ. ಲಂಡನ್ನಿನಿಂದ ಬಂದ ದೊಡ್ಡವರಿಗೆ ಪೆಲಮ್ ಅದನ್ನ ಗೋಡೆ ಮೇಲೆ ದೊಡ್ಡದು ಮಾಡಿ ತೋರಿಸಿ, "ಮನುಷ್ಯರದ್ದು, ವಯಸ್ಸಾದ ಹೆಂಗಸು" ಅಂದಾಗ ಹೆಡ್ಲಿ ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದ. ಬಸ್ಸು ತಿರುವಿನಲ್ಲಿ ವಾಲಿತು. ದಪ್ಪ ಹೆಂಗಸು ಪೂರ್ತಿ ಅವನ ಮೇಲೆ ಬಿದ್ದು, "ಮೆತ್ತಗೈತೆ ಕಣಪ್ಪ, ನಿದ್ದೆ ಬರಂಗೈತೆ" ಅಂದಳು.

ಶಿಪ್ಲಿಯ ಗಿರಣಿ ಕೆಲಸಗಾರರ ಕ್ಲಬ್ಬಿನ ಒಳಗೆ ಹೊಗೆ ಎಷ್ಟಿತ್ತು ಅಂದ್ರೆ ಎದುರಿಗಿರೋರನ್ನ ಕೆಮ್ಮಿನಿಂದಲೇ ಗುರುತು ಹಿಡೀಬೇಕು. ಅಪ್ಪ ಈನಕ್ ಬಾರಕ್ಲಫ್ ಕಿಟಕಿ ಪಕ್ಕ ಕೂತು, ಹಂದಿಮಾಂಸ ತುಂಬಿ ಸುಟ್ಟ ಪೈ ಮೇಲೆ ಬಟಾಣಿ ಗೊಜ್ಜು ಸುರಿದುಕೊಂಡು, ಎಡಗೈಲಿ ತಿಂತಾ ಇದ್ದ. ಬಲಗೈ ತೊಡೆ ಮೇಲೆ. ಚಳಿಗಾಲದ ಶುರುವಿಗೆ ಲಕ್ವ ಹೊಡೆದು ಹೋಗಿತ್ತು, ಸಣ್ಣದು. ಬಾಯಿ ನೆಟ್ಟಗಾಯ್ತು, ಕಾಲು ನೆಟ್ಟಗಾಯ್ತು. ಬಲಗೈ ಬೆರಳ ತುದಿಗಳ ವಿಷಯ ಮಾತ್ರ ಯಾರಿಗೂ ಗೊತ್ತಿಲ್ಲ, ಅದು ಅವನಿಗೂ ದೇವರಿಗೂ ಬಿಟ್ಟಿದ್ದು. ಆ ಬೆರಳು ಅಂದ್ರೆ ಸಾಮಾನ್ಯದ್ದಾ? ತುಪ್ಪಟ ಮುಟ್ಟಿದ್ರೆ ಕುರಿ ಯಾವ ವರ್ಷ ಹಸಿದಿತ್ತು, ಯಾವ ಬೇಲಿಗೆ ಸಿಕ್ಕಿಕೊಂಡಿತ್ತು, ಅದರ ಯಜಮಾನ ಹೆಂಡತಿ ಜೊತೆ ನೆಟ್ಟಗಿದ್ನೋ ಇಲ್ವೋ ಅಂತ ಹೇಳಿಬಿಡೋನು. ಎದುರಿಗೆ ಕೂತಿದ್ದವನು ಹಾರ್ಟ್ಲಿ ಸ್ನೋಡೆನ್, ಗಿರಣಿಯ ಮೇಸ್ತ್ರಿ. ಈನಕ್ ಮತ್ತೆ ಉಣ್ಣೆ ಆರಿಸೋ ಹಲಗೆಗೆ ಬರಬೇಕೋ, ಇಲ್ಲಾ ಗಿರಣಿ ಗೇಟಲ್ಲಿ ಟೋಪಿ ಹಾಕ್ಕೊಂಡು ಗಾಡಿ ಲೆಕ್ಕ ಹಾಕಬೇಕೋ ಅಂತ ಸೋಮವಾರ ಹೇಳಬೇಕಾದವನು. ಇದು ಹೆಡ್ಲಿಗೆ ಗೊತ್ತಿತ್ತು. ಆದ್ರೆ ಕೋಟು ಹಾಕ್ಕೊಂಡಾಗ ಸ್ನೋಡೆನ್ ತೀರ್ಪೂ ಪೆಲಮ್ ಪರೀಕ್ಷೆನೂ ಒಂದೇ ಮೇಜಿಗೆ ಬಂದು ಕೂರ್ತವೆ ಅಂತ ಹೊಳೆದಿರಲಿಲ್ಲ.

"ಬಂದ್ರಪ್ಪ, ಸಾಹೇಬ್ರು!" ಅಂದ ಇರ್ವಿನ್ ಸಟ್‌ಕ್ಲಿಫ್. ಅಪ್ಪನ ಹಳೇ ಜೊತೆಗಾರ, ಹಲ್ಲು ಕಮ್ಮಿ ಬಾಯಿ ಜಾಸ್ತಿ. "ಕೋಟು ನೋಡ್ರೋ! ಏನ್ಲಾ ಹೆಡ್ಲಿ, ರಾಜನ ಮನೆಗೆ ಅಳಿಯ ಆದ್ಯಾ?"

ಬೆರಳುಗಳು ಬಂದವು. ಎಡಗಡೆಯಿಂದ ಒಂದು ಜೊತೆ, ಬಲಗಡೆಯಿಂದ ಒಂದು ಜೊತೆ, ಬೆನ್ನ ಹಿಂದಿನಿಂದಲೂ ಯಾರದೋ. ಹೆಡ್ಲಿ ಕೈ ಅಗಲ ಮಾಡಿ, ಸಂತೇಲಿ ಹಲ್ಲು ಎಣಿಸಿಕೊಳ್ಳೋ ಕುದುರೆ ಹಾಗೆ ನಿಂತ. ಮೆತ್ತಗಿದೆ ಅಂದರು. ಬೆಚ್ಚಗಿದೆ ಅಂದರು. ಸ್ನೋಡೆನ್ ಮಾತ್ರ ಕೂತಲ್ಲಿಂದಲೇ ಕೋಟಿನ ಅಂಚು ಎಳೆದು, ಒಂದು ಸಲ ಉಜ್ಜಿ, ಬಿಟ್ಟು, ಮತ್ತೊಂದು ಸಲ ಉಜ್ಜಿದ. ಇರ್ವಿನ್ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದ. ಎಳೆ ಮುದುಡಿ ಕರ್ರಗಾಗಿ ಕೂದಲು ಸುಟ್ಟ ನಾತ ಎದ್ದಿತು. "ಉಣ್ಣೆ!" ಅಂತ ಎಲ್ಲರೂ ಒಂದೇ ಉಸಿರಿಗೆ ಅಂದರು. ಹೆಡ್ಲಿ ನೆಲ ನೋಡಿದ. ಬೆಂಕಿಗೇನು ಗೊತ್ತು? ಮಣಿ ಅದೇ ಜಾತಿ, ಸುಟ್ಟಾಗ ನಾತವೂ ಅದೇ. ಸುಟ್ಟರೆ ಅಮ್ಮನೂ ಹೀಗೇ.

"ಕಡ್ಡಿ ಮಾತು ಬಿಡು," ಅಂದ ಸ್ನೋಡೆನ್, ಬಲು ಮೆಲ್ಲಗೆ. "ಈನಕ್ ಇದ್ದಾನಲ್ಲ. ಏನಂತೀಯ ಈನಕ್? ನೋಡು ಸ್ವಲ್ಪ."

ಅಪ್ಪ ಚಮಚ ಕೆಳಗಿಟ್ಟ. ಬಲಗೈ ಮೇಲೆ ಬಂತು. ಆ ಕೈ ಅಲ್ಲಿಂದ ಕೋಟಿನ ತನಕ ಬರೋಕೆ ಒಂದು ಯುಗ ಹಿಡೀತು, ಅಷ್ಟರಲ್ಲಿ ಬೇಕಾದ್ರೆ ಒಂದು ಕುರಿ ಹುಟ್ಟಿ, ಬೆಳೆದು, ತುಪ್ಪಟ ಕೊಟ್ಟು ಸಾಯಬಹುದಿತ್ತು. ಹೆಡ್ಲಿಗೆ ಅಪ್ಪನ ಉಗುರು ಕಾಣಿಸ್ತಿತ್ತು. ಕುರಿಜಿಡ್ಡು ಕುಡಿದು ಕುಡಿದು ಆ ಕೈ ಹೆಣ್ಣಿನ ಕೈಗಿಂತ ನುಣುಪು. ಚಿಕ್ಕವನಿದ್ದಾಗ ಜ್ವರ ಬಂದ್ರೆ ಆ ಕೈ ಹಣೆ ಮೇಲೆ ಕೂತು, ಎಷ್ಟು ಹೊತ್ತಿಗೆ ಇಳೀತದೆ ಅಂತ ಹೇಳ್ತಿತ್ತು, ಅಷ್ಟು ಹೊತ್ತಿಗೆ ಇಳೀತಿತ್ತು. ಹೇಳಬೇಡ ಅಪ್ಪ, ಅಂದುಕೊಂಡ. ಹೇಳು ಅಪ್ಪ, ಅಂತಲೂ ಅಂದುಕೊಂಡ. ಯಾವುದನ್ನ ಹೇಳಬೇಕು, ಯಾವುದನ್ನ ಹೇಳಬಾರದು ಅನ್ನೋದು ಅವನಿಗೇ ತಿಳೀಲಿಲ್ಲ. ಬೆರಳು ಬಟ್ಟೆನ ಮಡಿಚಿತು, ಹಿಂಡಿತು, ಬಿಟ್ಟಿತು. ಅಪ್ಪ ತಲೆ ಎತ್ತಿ ಮಗನ ಮುಖ ನೋಡಿದ.

"ಉಣ್ಣೆ," ಅಂದ. "ಒಳ್ಳೆ ಉಣ್ಣೆ. ಮೆರಿನೊ, ಭುಜದ ಮೇಲಿಂದು."

"ಹಂಗಾ," ಅಂದ ಸ್ನೋಡೆನ್. ತಟ್ಟೆನ ಈನಕ್ ಕಡೆ ಸರಿಸಿ, "ಪೈ ಆರಿಹೋಗ್ತದೆ ಕಣೋ, ತಿನ್ನು," ಅಂದ. ಅಷ್ಟು ಮೃದುವಾಗಿ ಸ್ನೋಡೆನ್ ತನ್ನ ಹೆಂಡತಿ ಜೊತೆಲೂ ಮಾತಾಡಿರಲಾರ.

ಹೆಡ್ಲಿಯ ಮೈ ಒಳಗೆ ಏನೋ ಜಿಗಿಯಿತು. ಅದು ದುಃಖ ಆಗಿದ್ರೆ ಅವನು ತನ್ನನ್ನ ತಾನು ಕ್ಷಮಿಸಿಕೊಳ್ತಿದ್ದ. ದುಃಖ ಆಮೇಲೆ ಬಂತು. ಮೊದಲು ಬಂದಿದ್ದು ಆ ಕತ್ತಲೆ ಕೋಣೆಯ ಕುಣಿತ. ಗೆದ್ದುಬಿಡ್ತು ಕೋಟು, ಈನಕ್ ಬಾರಕ್ಲಫ್ಫನ ಬೆರಳನ್ನೇ ಗೆದ್ದುಬಿಡ್ತು! ಸೋಮವಾರ ಪೆಲಮ್ ಎದುರಿಗೆ ನಿಂತು ಹೇಗೆ ಹೇಳಬೇಕು, ಮೊದಲು ಕಡ್ಡಿ ವಿಷಯ, ಆಮೇಲೆ ಅಪ್ಪನ ವಿಷಯ, ಅಂತ ಮಾತು ತಾನಾಗೇ ಸಾಲುಗಟ್ಟಿಬಿಟ್ಟಿತು. ಪೆಲಮ್ ನಗೋದೂ ಕಾಣಿಸ್ತು. ಆ ನಗುವಿನ ನಡುವೆ, ಪೈ ಚೂರು ಗಡ್ಡಕ್ಕೆ ಅಂಟಿಸಿಕೊಂಡು ಎಡಗೈಲಿ ತಿಂತಿರೋ ಮುದುಕನನ್ನ ಕಂಡು, ಸತ್ತೋಯ್ತಲ್ಲ ಆ ಬೆರಳು, ಅದನ್ನ ಸಾಯಿಸಿ ತೋರಿಸೋಕೆ ನಾನೇ ಬಸ್ಸು ಹತ್ತಿ ಬರಬೇಕಿತ್ತಾ ಅನ್ನಿಸಿತು.

ಮಧ್ಯಾಹ್ನವೇ ಆಗಿದ್ದರೂ ಹೊರಗೆ ಮಸಿ ಬಳಿದ ಹಾಗಿತ್ತು. ಜಿಟಿಜಿಟಿ ಹನಿ. ಇಬ್ಬರೂ ಮನೆ ಕಡೆ ಏರು ಹತ್ತಿದರು. ಅಪ್ಪ ಕೋಲು ಊರಿಕೊಂಡು ಮುಂದೆ, ಮಗ ಹಿಂದೆ. ನೆನೆದಂತೆ ಕೋಟಿನ ತೋಳು ಉದ್ದ ಆಗ್ತಾ ಬಂತು, ಬೆನ್ನು ಜೋತು ಬಿತ್ತು, ಜೇಬು ಮುದಿ ಹಸುವಿನ ಕೆಚ್ಚಲ ಹಾಗೆ ತೂಗಾಡ್ತು.

"ಇದನ್ನ ಯಾವನೋ ನಿನ್ನ ತಲೆಗೆ ಕಟ್ಟಿದ್ದು?" ಅಂದ ಅಪ್ಪ, ತಿರುಗಿ ನೋಡದೆ.

"ಯಾವುದನ್ನ?"

"ಈ ಸತ್ತ ಬಟ್ಟೆನ. ಹಿಂಡಿ ಬಿಟ್ರೆ ಮೇಲೇಳಲ್ಲ. ಉಣ್ಣೆ ಆದ್ರೆ ಬೆರಳನ್ನ ತಳ್ತದೆ ಕಣೋ, ಬಿಡೋ ನನ್ನ ಅಂತ ತಳ್ತದೆ. ಇದು ಹಿಂಡಿಸ್ಕೊಂಡು ಸುಮ್ನೆ ಬಿದ್ದಿರ್ತದೆ. ಏನಿದು? ಹಾಲಿಂದಾ? ಹಾಲಿಂದಲೂ ದಾರ ತೆಗೀತಾರಂತೆ."

ಹೆಡ್ಲಿ ನಿಂತುಬಿಟ್ಟ. "ನಿನಗೆ ಗೊತ್ತಾಯ್ತಾ?"

"ಗೊತ್ತಾಗದೆ? ಬೆರಳು ಜೋಮು ಹಿಡಿದಿರಬೌದು, ಸತ್ತಿಲ್ಲ."

"ಮತ್ತೆ ಮೆರಿನೊ ಅಂದೆ! ಭುಜದ ಮೇಲಿಂದು ಅಂದೆ!"

"ಇನ್ನೇನನ್ನಬೇಕಿತ್ತು?" ಅಪ್ಪ ತಿರುಗಿದ. "ಇರ್ವಿನ್ ಮುಂದೆ? ಊರೆಲ್ಲ ನಿಂತು ನೋಡ್ತಾ ಇತ್ತು. ಕಾಲೇಜು ಕಲ್ತ ನನ್ನ ಮಗನಿಗೆ ಯಾವನೋ ಟೋಪಿ ಹಾಕವ್ನೆ, ಚಿಂದಿ ಹೊದ್ಕೊಂಡು ಮೆರೀತಾವ್ನೆ, ಈನಕ್ಕನ ಮಗನಿಗೇ ಉಣ್ಣೆ ಗೊತ್ತಿಲ್ಲ ಅಂತ ನಾನೇ ಸಾರಬೇಕಿತ್ತಾ? ನಿನ್ನ ಮುಖ ನೋಡ್ದೆ. ಕಣ್ಣಲ್ಲಿ ನೀರು ಬರಂಗಿತ್ತು. ಅಯ್ಯೋ ಪಾಪ, ಇದ್ದಬದ್ದ ಕೂಪನ್ನೆಲ್ಲ ಸುರಿದವ್ನೆ ಅನ್ಕೊಂಡೆ."

ಏನಾದ್ರೂ ಸುಳ್ಳು ಹೇಳಿಬಿಡಬಹುದಿತ್ತು. ಸಂತೇಲಿ ತಗೊಂಡೆ, ಮೋಸ ಹೋದೆ ಅಂತ. ಬಾಯಿ ತೆಗೆದಾಗ ನಿಜ ಬಂತು, ಅದೂ ಎಂಥ ಕೆಟ್ಟ ಗಳಿಗೇಲಿ! ಕಡಲೆಕಾಯಿ ಅಂದ. ಪೆಲಮ್ ಕೊಟ್ಟಿದ್ದು ಅಂದ. ನೀವೆಲ್ಲ ಏನಂತೀರ ಅಂತ ನೋಡ್ಕೊಂಡು ಬಾ ಅಂದಿದ್ರು ಅಂದ. ಹೇಳ್ತಾ ಹೇಳ್ತಾ ಅವನ ದನಿ ಪ್ರಯೋಗಶಾಲೆಯ ದನಿ ಆಗಿಬಿಡ್ತು, ಬೆಣ್ಣೆ ಇಟ್ಕೊಂಡ ದನಿ. ಅದು ಅವನಿಗೇ ಕೇಳಿಸ್ತು.

ಅಪ್ಪ ಕೋಲಿನ ಮೇಲೆ ಭಾರ ಬಿಟ್ಟು ನಿಂತ. ಟೋಪಿ ಅಂಚಿಂದ ನೀರು ತೊಟ್ಟಿಕ್ಕಿತು. "ಹಂಗಾದ್ರೆ ನಿನಗೆ ಗೊತ್ತಿತ್ತು," ಅಂದ ಕೊನೆಗೆ. "ನಿನಗೆ ಯಾರೋ ಮೋಸ ಮಾಡವ್ರೆ ಅಂತ ನಾನು ಮುಚ್ಚಿಹಾಕೋಕೆ ಹೋದೆ. ನೀನು ನೋಡಿದ್ರೆ..." ಅಷ್ಟಕ್ಕೇ ನಿಲ್ಲಿಸಿದ. ಬೈದಿದ್ರೆ ಚೆನ್ನಾಗಿತ್ತು. ಕೋಲು ತಗೊಂಡು ಬೀದೀಲಿ ನಾಲ್ಕು ಬಾರಿಸಿದ್ರೆ ಹೆಡ್ಲಿ ಆ ಕೋಲಿಗೆ ಮುತ್ತು ಕೊಡ್ತಿದ್ದ.

"ಸ್ನೋಡೆನ್?" ಅಂದ ಹೆಡ್ಲಿ.

"ಅವನು ಅಂಚು ಮುಟ್ಟಿದಾಗಲೇ ಅವನಿಗೆ ಗೊತ್ತಾಯ್ತು. ಎರಡನೇ ಸಲ ಉಜ್ಜಿದ್ದು ನೋಡ್ಲಿಲ್ವಾ? ಆಮೇಲೆ ನನ್ನ ಬೆರಳು ನೋಡೋಕೆ ಅಂತಲೇ ನನ್ನ ಕೇಳ್ದ."

"ಗೊತ್ತಿದ್ದೂ ಹಂಗಂದ್ಯಾ? ಸೋಮವಾರ..."

"ಗೇಟಲ್ಲಿ ಒಲೆ ಐತೆ. ಬೆಚ್ಚಗಿರ್ತದೆ."

ಹೆಡ್ಲಿ ಇಳಿಜಾರಲ್ಲಿ ಓಡಿದ. ಹಿಂದಿನಿಂದ ಅಪ್ಪ "ಬ್ಯಾಡ ಕಣೋ, ಬ್ಯಾಡ" ಅಂದಿದ್ದು ಕೇಳಿಸ್ತು. ಒದ್ದೆ ಕೋಟು ಮೊಣಕಾಲಿಗೆ ಬಡೀತಾ ಇತ್ತು, ಒಂದು ಕಡೆ ಹೊಲಿಗೆ ಬಿಟ್ಟುಕೊಂಡಿತು. ನೀರಿಗೆ ಆ ಸರಗಳೆಲ್ಲ ಹಿಡಿತ ಬಿಟ್ಟು ಜಾರ್ತಾ ಇವೆ, ಒಂದರ ಕೈ ಒಂದು ಹಿಡಿಯೋಕೆ ಕೊಕ್ಕೆ ಇಲ್ಲ, ಇದನ್ನ ಯಾವ ಪಟವೂ ತೆಗೀದೆ ಒಬ್ಬ ಮುದುಕ ಎರಡು ಬೆರಳಲ್ಲಿ ಹೇಳಿಬಿಟ್ಟ, ಹೇಳಿಬಿಟ್ಟು ನುಂಗಿಬಿಟ್ಟ. ಇದನ್ನೇ ಹೇಳಬೇಕು ಅಂದುಕೊಂಡ. ಹೀಗೇ, ಇದೇ ಮಾತಲ್ಲಿ. ಕ್ಲಬ್ಬಿನ ಬಾಗಿಲು ತಳ್ಳಿ ಕೋಟು ಬಿಚ್ಚಿ ಮೇಜಿನ ಮೇಲೆ, ತಟ್ಟೆಗಳ ನಡುವೆ ಹಾಕಿದ. ಅದು ಬಿದ್ದ ಹಾಗೇ ಬಿದ್ದುಕೊಂಡಿತು. "ಇದು ಉಣ್ಣೆ ಅಲ್ಲ," ಅಂದ. "ಕಡಲೆಕಾಯಿ."

ಸೂರು ಹಾರಿಹೋಗೋ ಹಾಗೆ ನಗು.

"ಕಡಲೆಕಾಯಾ!" ಇರ್ವಿನ್ ಮೇಜು ಕುಟ್ಟಿದ. "ಮಳೇಲಿ ನೆಂದ್ರೆ ಮೊಳಕೆ ಬರ್ತದಾ? ಲೋ, ಮೃಗಾಲಯದ ಕಡೆ ಹೋಗ್ಬ್ಯಾಡ್ವೋ, ಮಂಗಗಳು ಬೆತ್ತಲೆ ಮಾಡಿ ಕಳಿಸ್ತವೆ! ಉಪ್ಪು ತನ್ರೋ, ಕಾಲರು ನಂಗಿರ್ಲಿ!" ಇನ್ಯಾರೋ ಹೊಗೆ ಒಳಗಿಂದ, "ಭುಜದ ಮೇಲಿಂದಂತೆ! ಕಡಲೆಕಾಯಿಗೆ ಭುಜ ಯಾವ ಕಡೆ ಬರ್ತದ್ರಪ್ಪ?" ಅಂದ. ನಗು ಮತ್ತೆ ಎದ್ದು, ಈ ಸಲ ಅಪ್ಪನ ಕಡೆ ತಿರುಗಿತು. ಅದು ತಿರುಗಿದ್ದನ್ನ ಹೆಡ್ಲಿ ಕಣ್ಣಾರೆ ನೋಡಿದ.

"ಅಪ್ಪನಿಗೆ ಗೊತ್ತಿತ್ತು," ಅಂತ ಕೂಗಿದ. "ಮುಟ್ಟಿದ ತಕ್ಷಣ ಗೊತ್ತಾಯ್ತು. ನನಗೆ ಅವಮಾನ ಆಗಬಾರ್ದು ಅಂತ ಉಣ್ಣೆ ಅಂದ. ಹೊರಗೆ ಹೋದ್ಮೇಲೆ ಅವನೇ ಹೇಳ್ದ."

ನಗು ನಿಂತಿತು. ನಿಲ್ಲದೆ ಇದ್ದಿದ್ರೆ ವಾಸಿ. ಗಂಡಸರೆಲ್ಲ ತಮ್ಮ ತಮ್ಮ ಲೋಟ ನೋಡಿಕೊಂಡರು. ಇರ್ವಿನ್ ಕೂಡ ಬಾಯಿ ಮುಚ್ಚಿದ, ಹುಟ್ಟಿದಾಗಿಂದ ಮೊದಲನೇ ಸಲ ಇರಬೇಕು. ಸ್ನೋಡೆನ್ ಎದ್ದು ಬಂದು ಹೆಡ್ಲಿಯ ಒದ್ದೆ ಅಂಗಿ ಮೇಲೆ ಕೈ ಇಟ್ಟ.

"ಗೊತ್ತಿತ್ತು ಕಣಪ್ಪ," ಅಂದ. "ಅವನಿಗೆ ಗೊತ್ತಿಲ್ದೆ ಇರ್ತದಾ."

"ನಿಜ ಹೇಳ್ತಾ ಇದೀನಿ ಸ್ನೋಡೆನ್! ಹಿಂಡಿ ಬಿಟ್ರೆ ಮೇಲೇಳಲ್ಲ ಅಂದ. ಹಾಲಿಂದಾ ಅಂತ ಕೇಳ್ದ. ಬೇಕಾದ್ರೆ ಈಗಲೇ ಕರ್ಕೊಂಡ್ ಬರ್ತೀನಿ. ಕಣ್ಣು ಕಟ್ಟಿ, ಏನ್ ಬೇಕಾದ್ರೂ ಕೈಗೆ ಕೊಟ್ಟು ನೋಡಿ."

"ಇನ್ನೊಂದು ಪರೀಕ್ಷೆನಾ?" ಸ್ನೋಡೆನ್ ತಲೆ ಅಲ್ಲಾಡಿಸಿದ. "ಬ್ಯಾಡ ಕಣೋ ಮಗ. ಇವತ್ತಿಗೆ ಸಾಕು ಬಿಡು ಅವನಿಗೆ. ನೀನು ಬಂದು ಹಿಂಗಂದ್ಯಲ್ಲ, ಒಳ್ಳೆ ಮಗ ಮಾಡೋ ಕೆಲಸ ಅದು. ನಿಮ್ಮಪ್ಪನ್ನ ನಾನು ನೋಡ್ಕೋತೀನಿ. ಗೇಟಲ್ಲಿ ಯಾರೂ ಅವನಿಗೆ ಒಂದ್ ಮಾತಾಡಂಗಿಲ್ಲ."

ಅಷ್ಟು ಕರುಣೆ ಆ ಮುಖದ ಮೇಲೆ. ಹೆಡ್ಲಿ ತನ್ನ ಜೀವಮಾನದಲ್ಲಿ ಹೇಳಿದ ಅತಿ ದೊಡ್ಡ ನಿಜ ಅದು, ಮತ್ತೆ ಆ ಕೋಣೇಲಿ ಅದು ಮಗನೊಬ್ಬ ಅಪ್ಪನಿಗೋಸ್ಕರ ಹೇಳಿದ ಸುಳ್ಳಾಗಿ, ಎಲ್ಲರ ಲೋಟದ ಪಕ್ಕ ಬೆಚ್ಚಗೆ ಕೂತಿತ್ತು. ಕೋಟು ಅಲ್ಲೇ ಬಿಟ್ಟು ಹೊರಗೆ ಬಂದ.

ಅಪ್ಪ ಏರು ಹತ್ತಿರಲಿಲ್ಲ. ಇಳಿದು ಬಂದು, ಬೀದಿ ಆಚೆ ಕಟುಕನ ಅಂಗಡಿ ಸೂರಿನ ಕೆಳಗೆ ನಿಂತಿದ್ದ. ನಗು ಅಲ್ಲೀ ತನಕ ಬಂದಿರಬೇಕು. ಅದು ಪಕ್ಕದ ಊರು ಬ್ರಾಡ್‌ಫರ್ಡ್ ತನಕ ಕೇಳಿಸೋ ನಗು.

"ನಕ್ಕರಾ?" ಅಂದ ಅಪ್ಪ.

"ನಕ್ಕರು."

ಅಪ್ಪ ಕೋಲಿನ ತುದಿಯಿಂದ ಕಲ್ಲಿನ ಸಂದೀಲಿದ್ದ ನೀರು ಕೆದಕಿದ. "ನಿನ್ನ ನೋಡಿ ನಕ್ಕರೋ, ನನ್ನ ನೋಡೋ?"

ಹೆಡ್ಲಿಯ ಅಂಗಿ ಮೈಗೆ ಅಂಟಿತ್ತು. ಹಲ್ಲು ಕಟಕಟ ಅಂತಿತ್ತು.

"ನನ್ನ ನೋಡಿ," ಅಂದ.

"ಸರಿ ಹಂಗಾದ್ರೆ, ನನ್ನ ಬೆರಳನ್ನ ನಂಬವ್ರೆ," ಅಂದ ಅಪ್ಪ. ಅವನ ಭುಜ ಸ್ವಲ್ಪ ಇಳಿಯಿತು, ಏನೋ ಭಾರ ಯಾರೋ ಇಸ್ಕೊಂಡ ಹಾಗೆ. "ಸೋಮವಾರ ಬೆಳಗ್ಗೆ ಬೇಗ ಏಳಿಸು ನನ್ನ. ಆರಿಸೋ ಹಲಗೆ ಮೇಲೆ ಎಷ್ಟು ಧೂಳು ಕೂತೈತೋ ಏನೋ." ಅಂದು, ಮಗನಿಗಿಂತ ಮುಂದಾಗಿ ಏರು ಹತ್ತೋಕೆ ಶುರು ಮಾಡಿದ.